ಸಂಘಕ್ಕೆ ತೆರಿಗೆ ಇಲ್ಲ, ಆದರೆ ತಾರೀಖು ಐತಿ

(ಸಂಘದ ಬೆಳ್ಳಿ ಹಬ್ಬದ ನಿಮಿತ್ತ ಕರೆದಿದ್ದ ಸದಸ್ಯರ ಸಭೆಯಲ್ಲಿ ಸಹಕಾರ ಸಂಘಗಳ ಲೆಕ್ಕ ಪರಿಶೋಧಕರೊಬ್ಬರು ಮಾಡಿದ ಭಾಷಣದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಅವರ ಉತ್ತರಗಳನ್ನೂ ಕೊನೆಗೆ ಕೊಡಲಾಗಿದೆ.)



ಸಂಘ 25 ವರ್ಷ ಪೂರೈಸಿದ ಈ ಸಂತೋಷದ ದಿವಸ ನನಗೆ ಕೊಟ್ಟ ವಿಷಯ ಮಾತ್ರ ಅಷ್ಟು ಸಂತೋಷದ್ದಲ್ಲ. ಆದಾಯ ತೆರಿಗೆ, ತುಂಬದೆ ಉಳಿದ ರಿಟರ್ನ್, ಆಡಿಟ್, ದಂಡ. "ಹಬ್ಬದ ದಿನ ಇದ್ಯಾಕ್ರೀ?" ಅಂತ ಕೆಲವರು ಅಂದುಕೊಳ್ಳಬಹುದು. ಆದರೆ ಇಷ್ಟು ಮಂದಿ ಸದಸ್ಯರು ಒಂದೇ ಕಡೆ ಕೂಡುವ ದಿನ ವರ್ಷಕ್ಕೆ ಒಂದೋ ಎರಡೋ. ಈ ಮಾತನ್ನು ಕಾರ್ಯದರ್ಶಿಯ ಕೋಣೆಯಲ್ಲಿ ಆಡಿದರೆ ಅಲ್ಲಿಯೇ ಉಳಿಯುತ್ತದೆ. ಸದಸ್ಯರ ಕಿವಿಗೆ ಬೀಳಬೇಕು ಎಂದೇ ಅಧ್ಯಕ್ಷರು ಇದನ್ನು ಆರಿಸಿದ್ದಾರೆ. ಅವರಿಗೆ ನಾನು ಆಭಾರಿ.

ನಾನು ಹೇಳುವುದೆಲ್ಲ ಒಂದು ಮಾತಿಗೆ ಬರುತ್ತದೆ. ಸಹಕಾರ ಸಂಘಕ್ಕೆ ತೆರಿಗೆ ವಿನಾಯಿತಿ ಐತಿ, ಖರೆ. ಆದರೆ ಅದು ತಾನಾಗಿ ಬರುವುದಿಲ್ಲ. ತಾರೀಖಿನ ಒಳಗೆ ರಿಟರ್ನ್ ತುಂಬಿ ಕೇಳಿದ ಸಂಘಕ್ಕೆ ಮಾತ್ರ ಸಿಗುತ್ತದೆ. ಕೇಳದಿದ್ದರೆ, ಇಲ್ಲವೆ ತಡಮಾಡಿ ಕೇಳಿದರೆ, ಲಾಭದ ಮೂರರಲ್ಲಿ ಒಂದು ಪಾಲಿನ ಹತ್ತಿರ ಹತ್ತಿರ ಕೈಬಿಟ್ಟು ಹೋಗುತ್ತದೆ. ಆ ಹಣ ಕಾರ್ಯದರ್ಶಿಯದಲ್ಲ, ಅಧ್ಯಕ್ಷರದಲ್ಲ, ನಿಮ್ಮದು.

ವಿನಾಯಿತಿ ಬಂದ ಬಗೆ

ನಮ್ಮ ನಾಡಿನ ಸಹಕಾರದ ಮೊದಲ ಹೆಜ್ಜೆ ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಬಿತ್ತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ಅದು. ಆಗ ಗದಗವೂ ಮುಂಬಯಿ ಇಲಾಖೆಯಲ್ಲಿತ್ತು, ನಮ್ಮ ಬಿಜಾಪುರವೂ ಅದರಲ್ಲೇ ಇತ್ತು. ಬಡ ರೈತ ಸಾಹುಕಾರನ ಬಡ್ಡಿಯಿಂದ ಬಿಡುಗಡೆ ಆಗಲಿ ಎಂಬ ಕಾರಣಕ್ಕೆ ಹುಟ್ಟಿದ ಸಂಘಗಳ ಮೇಲೆ ತೆರಿಗೆ ಹೇರುವುದು ಸರಿಯಲ್ಲ ಎಂದು ಆಗಿನ ಸರ್ಕಾರಕ್ಕೂ ಅನಿಸಿತ್ತು. 1912ರ ಸಹಕಾರ ಸಂಘಗಳ ಕಾಯಿದೆಯ ಕಲಂ 28ರಲ್ಲಿಯೇ ಆದಾಯ ತೆರಿಗೆ, ಸ್ಟಾಂಪು ಮತ್ತು ನೋಂದಣಿ ಶುಲ್ಕಗಳಿಂದ ಸಂಘಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರ ಇಟ್ಟುಕೊಂಡಿತ್ತು.

1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಈ ವಿನಾಯಿತಿ ಕಲಂ 80ಪಿ ಎಂಬ ಹೆಸರಿನಿಂದ ಗೊತ್ತಿರುವಂಥದು. ಸದಸ್ಯರಿಗೆ ಸಾಲ ಕೊಟ್ಟು ಬಂದ ಬಡ್ಡಿಯ ಲಾಭ, ಸದಸ್ಯರಿಗೆ ಬೀಜ, ಗೊಬ್ಬರ, ಒಕ್ಕಲುತನದ ಸಾಮಾನು ತಂದು ಕೊಟ್ಟ ಲಾಭ, ಸದಸ್ಯರು ಬೆಳೆದ ಮಾಲನ್ನು ಮಾರಿಕೊಟ್ಟ ಲಾಭ, ಇವೆಲ್ಲವನ್ನೂ ಪೂರ್ತಿಯಾಗಿ ಕಳೆಯಬಹುದು. ಬೇರೆ ಸಹಕಾರ ಸಂಘದಲ್ಲಿ ತೊಡಗಿಸಿದ ಹಣದ ಬಡ್ಡಿ, ಡಿವಿಡೆಂಡಿಗೂ ಅದೇ ಕಲಮಿನಲ್ಲಿ ಅವಕಾಶ ಐತಿ. ಈ ಯಾವುದಕ್ಕೂ ಸೇರದ ಇತರ ವ್ಯವಹಾರದ ಲಾಭಕ್ಕೆ 50 ಸಾವಿರ ರೂಪಾಯಿವರೆಗೆ ಮಾತ್ರ, ಬಳಕೆದಾರರ ಸಂಘಕ್ಕೆ ಒಂದು ಲಕ್ಷದವರೆಗೆ.

2006ರಲ್ಲಿ ಒಂದು ತಿದ್ದುಪಡಿ ಬಂದು, 2007-08ನೇ ತೆರಿಗೆ ನಿರ್ಧಾರಣಾ ವರ್ಷದಿಂದ ಸಹಕಾರಿ ಬ್ಯಾಂಕುಗಳಿಗೆ ಈ ವಿನಾಯಿತಿ ನಿಂತಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಮುಂದುವರಿಯಿತು. ಅಂದಿನಿಂದ "ನೀವು ಬ್ಯಾಂಕೋ, ಸಂಘವೋ?" ಎಂಬ ತಕರಾರು ಊರೂರಿನಲ್ಲಿ ಶುರುವಾಯಿತು. ಅದರ ಮಾತು ಮುಂದೆ ಹೇಳುತ್ತೇನೆ.

ನಮ್ಮೊಳಗಿನ ನಾಲ್ಕು ತಪ್ಪು ತಿಳುವಳಿಕೆ

ಊರೂರು ತಿರುಗಿ ಸಂಘಗಳ ಕಿರ್ದಿ, ಖತಾವಣಿ ನೋಡುವಾಗ ನಾನು ಕೇಳುವ ಮಾತುಗಳು ನಾಲ್ಕು.

ಒಂದು: "ನಾವು ಒಕ್ಕಲಿಗರು, ನಮಗ್ಯಾವ ತೆರಿಗೇರಿ?" ಒಕ್ಕಲುತನದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಸರಿ. ಟಿಕೋಟಾದವರ ದ್ರಾಕ್ಷಿ, ಬಬಲೇಶ್ವರದವರ ಕಬ್ಬು, ಎಲ್ಲರ ಬಿಳಿಜೋಳ, ತೊಗರಿ, ಇವನ್ನು ಬೆಳೆದ ರೈತನಿಗೆ ಆ ಸವಲತ್ತು ಐತಿ. ಆದರೆ ಸಂಘ ಹೊಲ ಉತ್ತಿಲ್ಲ. ಸಂಘ ಸಾಲ ಕೊಟ್ಟು ಬಡ್ಡಿ ತೆಗೆದುಕೊಂಡಿದೆ, ಗೊಬ್ಬರ ಮಾರಿದೆ. ಕಾಯಿದೆಯ ಕಣ್ಣಿನಲ್ಲಿ ಅದು ವ್ಯಾಪಾರದ ಆದಾಯ.

ಎರಡು: "ತೆರಿಗೆ ಸೊನ್ನೆ ಬರತೈತಿ, ಅಂದಮ್ಯಾಲೆ ರಿಟರ್ನ್ ಯಾಕ?" ಇಲ್ಲಿಯೇ ದೊಡ್ಡ ಪೆಟ್ಟು. ವ್ಯಕ್ತಿಗೆ ಇಂತಿಷ್ಟು ಆದಾಯದವರೆಗೆ ತೆರಿಗೆ ಇಲ್ಲ ಎಂಬ ಮಿತಿ ಇರುತ್ತದೆ. ಸಹಕಾರ ಸಂಘಕ್ಕೆ ಆ ಮಿತಿ ಇಲ್ಲ. ಮೊದಲ ಹತ್ತು ಸಾವಿರಕ್ಕೆ ಶೇ. 10, ಮುಂದಿನ ಹತ್ತು ಸಾವಿರಕ್ಕೆ ಶೇ. 20, ಅದರಾಚೆ ಎಲ್ಲದಕ್ಕೂ ಶೇ. 30, ಮೇಲೆ ಶೇ. 4 ಸೆಸ್. ರಿಟರ್ನ್ ತುಂಬಬೇಕೋ ಬೇಡವೋ ಎಂದು ನೋಡುವಾಗ 80ಪಿ ಕಳೆಯುವ ಮೊದಲಿನ ಲಾಭವನ್ನು ಹಿಡಿಯುತ್ತಾರೆ. ಆದ್ದರಿಂದ ಲಾಭ ಇದ್ದ ಸಂಘ ರಿಟರ್ನ್ ತುಂಬಲೇಬೇಕು.

ಮೂರು: "ನಮ್ಮದು ಆಡಿಟ್ ಆಗೇತ್ರಿ." 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ ಕಲಂ 63ರ ಪ್ರಕಾರ ವರ್ಷವರ್ಷ ಆಡಿಟ್ ಆಗಬೇಕು, ಅದು ಬೇರೆ. ವಹಿವಾಟು ಒಂದು ಕೋಟಿ ದಾಟಿದರೆ ಆದಾಯ ತೆರಿಗೆ ಕಾಯಿದೆಯ ಕಲಂ 44ಎಬಿ ಪ್ರಕಾರದ ವರದಿಯೂ ಬೇಕು, ಅದು ಬೇರೆ. ನಗದು ವ್ಯವಹಾರ ಶೇ. 5ರ ಒಳಗಿದ್ದರೆ ಈ ಮಿತಿ ಹತ್ತು ಕೋಟಿ, ಆದರೆ ನಮ್ಮ ಹಳ್ಳಿ ಸಂಘದ ಗೊಬ್ಬರದ ಅಂಗಡಿಯಲ್ಲಿ ನಗದು ಅಷ್ಟು ಕಡಿಮೆ ಆಗುವುದು ಕಷ್ಟ. ಈ ಎರಡೂ ಆಡಿಟ್ ಆದ ಮೇಲೆಯೂ ರಿಟರ್ನ್ ತುಂಬುವ ಕೆಲಸ ಉಳಿದೇ ಇರುತ್ತದೆ.

ನಾಲ್ಕು: "ಇಷ್ಟು ವರ್ಷ ಯಾರೂ ಕೇಳಿಲ್ಲ." ಊರಿಗೆ ಬಂದವಳು ನೀರಿಗೆ ಬಾರದೆ ಇದ್ದಾಳೆಯೆ? ಸಂಘದ ಪ್ಯಾನ್ ನಂಬರು ಬ್ಯಾಂಕಿನಲ್ಲಿ ಐತಿ. ಬ್ಯಾಂಕಿನವರು ಬಡ್ಡಿಯಲ್ಲಿ ತೆರಿಗೆ ಕಡಿದರೆ ಅದು ಇಲಾಖೆಯ 26ಎಎಸ್ ತಖ್ತೆಯಲ್ಲಿ ಕಾಣುತ್ತದೆ. ದೊಡ್ಡ ಮೊತ್ತದ ನಗದು ಜಮಾ ಇದ್ದರೆ ಅದರ ವರದಿಯೂ ಹೋಗುತ್ತದೆ. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ, ಎಂದೂ ರಿಟರ್ನ್ ತುಂಬದ ಅನೇಕ ಸಂಘಗಳಿಗೆ ನೋಟೀಸು ಬಂದದ್ದು ಹೀಗೆಯೇ.

ತಾರೀಖು ತಪ್ಪಿದರೆ ಏನಾಗುತ್ತದೆ?

2018ಕ್ಕಿಂತ ಮೊದಲು 80ಪಿ ಕೇಳಲು ರಿಟರ್ನ್ ತಡವಾದರೂ ವಾದಕ್ಕೆ ಜಾಗ ಇತ್ತು. 2018ರ ಹಣಕಾಸು ಕಾಯಿದೆ ಕಲಂ 80ಎಸಿಯನ್ನು ಬದಲಿಸಿತು. 2018-19ನೇ ತೆರಿಗೆ ನಿರ್ಧಾರಣಾ ವರ್ಷದಿಂದ, ಗಡುವಿನ ಒಳಗೆ ರಿಟರ್ನ್ ತುಂಬದ ಸಂಘಕ್ಕೆ 80ಪಿ ಇಲ್ಲ. 2021ರಿಂದ ಬೆಂಗಳೂರಿನ ಸಿಪಿಸಿ ಕೇಂದ್ರದ ಗಣಕಯಂತ್ರವೇ ತಡವಾದ ರಿಟರ್ನಿನಲ್ಲಿ ವಿನಾಯಿತಿಯನ್ನು ಹೊಡೆದು ಹಾಕಿ ತೆರಿಗೆಯ ಬೇಡಿಕೆ ಕಳಿಸುವ ಅಧಿಕಾರ ಬಂತು.

ಗಡುವು ಯಾವುದು? ಆಡಿಟ್ ಆಗಬೇಕಾದ ಸಂಘಗಳಿಗೆ ಅಕ್ಟೋಬರ್ 31. ತೆರಿಗೆ ಆಡಿಟ್ ವರದಿ ಅದಕ್ಕಿಂತ ಒಂದು ತಿಂಗಳು ಮೊದಲು, ಸೆಪ್ಟೆಂಬರ್ 30ಕ್ಕೆ. ಕೆಲವು ವರ್ಷ ಸರ್ಕಾರ ಗಡುವು ಮುಂದೂಡುವುದುಂಟು. ಅದನ್ನು ನಂಬಿ ಕೂಡುವುದು ಮಳೆ ಬಂದೇ ಬರುತ್ತದೆಂದು ಸಾಲ ಮಾಡಿದ ಹಾಗೆ.

ಲೆಕ್ಕಕ್ಕೆ ಒಂದು ಸಂಘ ಹಿಡಿಯೋಣ. 800 ಸದಸ್ಯರು. ಎಲ್ಲ ಸಾಲವೂ ಸದಸ್ಯರಿಗೇ. ವರ್ಷದ ನಿವ್ವಳ ಲಾಭ 12 ಲಕ್ಷ. ಅಕ್ಟೋಬರ್ 31ರೊಳಗೆ ರಿಟರ್ನ್ ತುಂಬಿದರೆ ತೆರಿಗೆ ಸೊನ್ನೆ. ನವೆಂಬರ್ 1ಕ್ಕೆ ತುಂಬಿದರೆ ತೆರಿಗೆ 3,57,000, ಸೆಸ್ 14,280, ಒಟ್ಟು 3,71,280 ರೂಪಾಯಿ. ಒಂದು ದಿವಸದ ಬೆಲೆ ಇದು. ಸಹಕಾರ ಕಾಯಿದೆಯ ಪ್ರಕಾರ ಲಾಭದ ಶೇ. 25 ಕಾಯ್ದಿಟ್ಟ ನಿಧಿಗೆ ಹೋಗಬೇಕು, ಅಂದರೆ 3 ಲಕ್ಷ. ವರ್ಷವಿಡೀ ದುಡಿದು ನಿಧಿಗೆ ಇಡುವುದಕ್ಕಿಂತ ಹೆಚ್ಚು ಹಣ ಒಂದು ತಾರೀಖು ತಪ್ಪಿದ್ದಕ್ಕೆ ಹೋಯಿತು. ತಲೆಗೆ ಹಂಚಿದರೆ ಪ್ರತಿ ಸದಸ್ಯನ ಮೇಲೆ 464 ರೂಪಾಯಿ.

ಅಲ್ಲಿಗೆ ಮುಗಿಯಲಿಲ್ಲ. ಕಲಂ 234ಎಫ್ ಪ್ರಕಾರ ತಡಮಾಡಿದ ಶುಲ್ಕ 5 ಸಾವಿರ, ಆದಾಯ 5 ಲಕ್ಷದ ಒಳಗಿದ್ದರೆ ಒಂದು ಸಾವಿರ. ರಿಟರ್ನ್ ತಡವಾದ ಪ್ರತಿ ತಿಂಗಳಿಗೆ ತೆರಿಗೆಯ ಮೇಲೆ ಶೇ. 1 ಬಡ್ಡಿ. ಮುಂಗಡ ತೆರಿಗೆ ಕಟ್ಟದ್ದಕ್ಕೆ ಮತ್ತೊಂದು ಶೇ. 1. ಎರಡೂ ಸೇರಿದರೆ ವರ್ಷಕ್ಕೆ ಶೇ. 24 ಆಯಿತು. ಸಾಹುಕಾರನ ಬಡ್ಡಿ ತಪ್ಪಿಸಲಿಕ್ಕೆ ಸಂಘ ಕಟ್ಟಿದವರು ನಾವು. ಆ ಸಂಘವೇ ಇಷ್ಟು ಬಡ್ಡಿ ಕಟ್ಟುವ ಹೊತ್ತು ಬರಬಾರದು.

44ಎಬಿ ಆಡಿಟ್ ಮಾಡಿಸದಿದ್ದರೆ ಕಲಂ 271ಬಿ ದಂಡ. ವಹಿವಾಟಿನ ಅರ್ಧ ಪರ್ಸೆಂಟ್ ಇಲ್ಲವೆ ಒಂದೂವರೆ ಲಕ್ಷ, ಯಾವುದು ಕಡಿಮೆಯೋ ಅದು. ಗೊಬ್ಬರ, ಬೀಜ ಮಾರಿ 1 ಕೋಟಿ 40 ಲಕ್ಷ ವಹಿವಾಟು ಮಾಡಿದ ಸಂಘಕ್ಕೆ 70 ಸಾವಿರ. ಲಾಭ ಇರಲಿ, ಇಲ್ಲದಿರಲಿ, ಈ ದಂಡ ವಹಿವಾಟಿನ ಮೇಲೆ ಬೀಳುತ್ತದೆ. ಸಕಾರಣ ಇತ್ತೆಂದು ತೋರಿಸಿದರೆ ಕಲಂ 273ಬಿ ಪ್ರಕಾರ ಬಿಡುವುದಕ್ಕೂ ಅವಕಾಶ ಐತಿ. ಆದರೆ ಕಾರಣ ಬಾಯಿಮಾತಿನಲ್ಲಿ ಇದ್ದರೆ ಸಾಲದು, ಕಾಗದದಲ್ಲಿ ಇರಬೇಕು.

ನಗದಿನ ವಿಷಯ ಒಂದು. ಕಲಂ 269ಎಸ್‌ಎಸ್ ಪ್ರಕಾರ 20 ಸಾವಿರ ಇಲ್ಲವೆ ಅದಕ್ಕಿಂತ ಹೆಚ್ಚಿನ ಠೇವಣಿಯನ್ನು ನಗದಾಗಿ ತೆಗೆದುಕೊಂಡರೆ, ಅಷ್ಟೇ ಮೊತ್ತದ ದಂಡ. 2023ರ ಏಪ್ರಿಲ್ 1ರಿಂದ ಪ್ರಾಥಮಿಕ ಕೃಷಿ ಪತ್ತಿನ ಸಂಘ ಮತ್ತು ಅದರ ಸದಸ್ಯರ ನಡುವೆ ಈ ಮಿತಿಯನ್ನು 2 ಲಕ್ಷಕ್ಕೆ ಏರಿಸಿದರು. ಇದು ನಮಗೆ ದೊಡ್ಡ ಅನುಕೂಲ. ಆದರೆ ಇದು ಕೃಷಿ ಪತ್ತಿನ ಸಂಘಕ್ಕೆ, ಅದೂ ಸದಸ್ಯರ ವ್ಯವಹಾರಕ್ಕೆ ಮಾತ್ರ ಎಂಬುದನ್ನು ಬೇರೆ ಪತ್ತಿನ ಸಂಘದವರು ನೆನಪಿಡಬೇಕು.

ಹಳೆಯ ರಿಟರ್ನ್ ಉಳಿದಿದ್ದರೆ ಮಾಡಬೇಕಾದದ್ದು

ಈ ಸಭೆಯಲ್ಲಿ ಬೇರೆ ಸಂಘದವರೂ ಕುಳಿತಿದ್ದೀರಿ. ಎರಡು, ಮೂರು ವರ್ಷದ ರಿಟರ್ನ್ ಉಳಿದಿರುವ ಸಂಘಗಳು ಇರಬಹುದು. ಹೆದರಿ ನೋಟೀಸನ್ನು ಕಪಾಟಿನಲ್ಲಿ ಇಟ್ಟರೆ ಅದು ಅಲ್ಲಿಯೇ ಬೆಳೆಯುತ್ತದೆ. ಮಾಡಬೇಕಾದ ಕೆಲಸವನ್ನು ಒಂದೊಂದಾಗಿ ಹೇಳುತ್ತೇನೆ, ಬರೆದುಕೊಳ್ಳಿರಿ.

ಮೊದಲನೆಯದು, ಇಲಾಖೆಯ ಜಾಲತಾಣದಲ್ಲಿ ಸಂಘದ ಖಾತೆ ಯಾರ ಕೈಯಲ್ಲಿ ಐತಿ ನೋಡಿರಿ. ಎಷ್ಟೋ ಸಂಘಗಳಲ್ಲಿ ನಿವೃತ್ತರಾದ ಕಾರ್ಯದರ್ಶಿಯ ಫೋನ್ ನಂಬರೇ ಇರುತ್ತದೆ. ಕೆಲವು ಕಡೆ ವಿಜಯಪುರದ ಯಾವುದೋ ಏಜೆಂಟನ ನಂಬರು. ನೋಟೀಸು ಈಗ ಟಪಾಲಿನವನ ಕೈಯಲ್ಲೇ ಬರಬೇಕೆಂದಿಲ್ಲ, ಜಾಲತಾಣದಲ್ಲಿ ಬಂದು ಬೀಳುತ್ತದೆ. ಅವನ ಫೋನಿಗೆ ಸಂದೇಶ ಹೋಗುತ್ತದೆ, ನಮಗೆ ಸುದ್ದಿಯೇ ಇಲ್ಲ. ಉತ್ತರ ಕೊಡುವ ದಿನ ಮುಗಿದು ಏಕಪಕ್ಷೀಯ ಆದೇಶ ಆಗುತ್ತದೆ. ಸಂಘದ್ದೇ ಒಂದು ಫೋನ್, ಸಂಘದ್ದೇ ಒಂದು ಇ-ಮೇಲ್ ಮಾಡಿರಿ. ಪಾಸ್‌ವರ್ಡನ್ನು ಠರಾವು ಮಾಡಿ ಇಬ್ಬರ ಜವಾಬ್ದಾರಿಯಲ್ಲಿ ಇಡಿರಿ. ಡಿಜಿಟಲ್ ಸಹಿಯ ಅವಧಿ ಮುಗಿದಿದೆಯೇ ಎಂದು ಆಗಸ್ಟ್‌ದಲ್ಲಿಯೇ ನೋಡಿರಿ, ಅಕ್ಟೋಬರ್ 30ಕ್ಕೆ ಅಲ್ಲ.

ಎರಡನೆಯದು, ವರ್ಷವಾರು ಒಂದು ಪಟ್ಟಿ ಮಾಡಿರಿ. ಆ ವರ್ಷದ ಲಾಭ ಎಷ್ಟು, ಸಹಕಾರ ಆಡಿಟ್ ಮುಗಿದ ತಾರೀಖು ಯಾವುದು, ರಿಟರ್ನ್ ತುಂಬಿದ ತಾರೀಖು ಯಾವುದು, ನೋಟೀಸು ಬಂದಿದೆಯೇ, ಬ್ಯಾಂಕಿನವರು ಎಷ್ಟು ತೆರಿಗೆ ಕಡಿದಿದ್ದಾರೆ. ಒಂದು ಹಾಳೆಯಲ್ಲಿ ಇಷ್ಟು ಬರೆದರೆ ಅರ್ಧ ಕೆಲಸ ಆದಂತೆ.

ಮೂರನೆಯದು, ತಡಕ್ಕೆ ಮಾಫಿ. ಕಲಂ 119(2)(ಬಿ) ಪ್ರಕಾರ ಕೇಂದ್ರ ನೇರ ತೆರಿಗೆ ಮಂಡಳಿಗೆ ತಡವನ್ನು ಮನ್ನಿಸುವ ಅಧಿಕಾರ ಐತಿ. ಸಂಘಗಳ ಅರ್ಜಿಗಳು ರಾಶಿ ಬಿದ್ದಾಗ ಮಂಡಳಿ 2023ರ ಜುಲೈ 26ರಂದು 13/2023ನೇ ಸುತ್ತೋಲೆ ಹೊರಡಿಸಿತು. 2018-19ರಿಂದ 2022-23ರವರೆಗಿನ ತೆರಿಗೆ ನಿರ್ಧಾರಣಾ ವರ್ಷಗಳಲ್ಲಿ 80ಪಿ ಕೇಳಿ ತಡವಾಗಿ ತುಂಬಿದ ರಿಟರ್ನುಗಳ ತಡವನ್ನು ಮನ್ನಿಸುವ ಅರ್ಜಿಗಳನ್ನು ಮುಖ್ಯ ಆಯುಕ್ತರ ಮಟ್ಟದಲ್ಲಿಯೇ ತೀರ್ಮಾನಿಸಲು ಅಧಿಕಾರ ಕೊಟ್ಟಿತು. 2024ರಲ್ಲಿ 14/2024ನೇ ಸುತ್ತೋಲೆಯಿಂದ 2023-24ನೇ ವರ್ಷಕ್ಕೂ ಅದನ್ನು ಹಬ್ಬಿಸಿದರು. ಇದರಲ್ಲಿ ನೋಡುವ ಮುಖ್ಯ ಸಂಗತಿ ಏನು ಗೊತ್ತೇನ್ರಿ? ರಾಜ್ಯದ ಕಾಯಿದೆಯ ಪ್ರಕಾರ ನೇಮಕವಾದ ಲೆಕ್ಕ ಪರಿಶೋಧಕರು ಆಡಿಟ್ ಮುಗಿಸಿದ ದಿನ ಯಾವುದು, ರಿಟರ್ನಿನ ಗಡುವು ಯಾವುದು ಎಂಬುದು. ಆಡಿಟ್ ತಡವಾದದ್ದರಿಂದಲೇ ರಿಟರ್ನ್ ತಡವಾಯಿತು ಎಂದು ಕಾಗದದಿಂದ ತೋರಿಸಿದ ಸಂಘಕ್ಕೆ ಬಲ ಬರುತ್ತದೆ. ಆದ್ದರಿಂದ ಆಡಿಟ್ ಬೇಗ ಮುಗಿಸಿಕೊಡಿರೆಂದು ಬರೆದ ಪತ್ರಗಳ ನಕಲು, ಟಪಾಲು ಪಾವತಿ, ಆಡಳಿತ ಮಂಡಳಿಯ ಠರಾವು, ಎಲ್ಲವನ್ನೂ ಜತನ ಮಾಡಿರಿ. ಆಡಿಟರ ಕಡೆಯಿಂದ ಮಾತಾಡುವವನು ನಾನು. ಆದರೂ ಹೇಳುತ್ತೇನೆ, ನಮಗೆ ಬಾಯಲ್ಲಿ ನೆನಪು ಮಾಡಬೇಡಿ, ಬರೆದು ಕೇಳಿರಿ.

ನಾಲ್ಕನೆಯದು, 2018-19ಕ್ಕಿಂತ ಹಿಂದಿನ ವರ್ಷಗಳಿಗೆ ನೋಟೀಸು ಬಂದು ತಕರಾರು ಇನ್ನೂ ನಡೆದಿದ್ದರೆ ಕೈಚೆಲ್ಲಬೇಡಿ. ಕೇರಳ ಹೈಕೋರ್ಟು ಚಿರಕ್ಕಲ್ ಸರ್ವೀಸ್ ಕೋ-ಆಪರೇಟಿವ್ ಬ್ಯಾಂಕಿನ ಪ್ರಕರಣದಲ್ಲಿ 2016ರಲ್ಲಿ, ತಡವಾಗಿ ಇಲ್ಲವೆ ನೋಟೀಸಿಗೆ ಉತ್ತರವಾಗಿ ತುಂಬಿದ ರಿಟರ್ನಿನಲ್ಲಿಯೂ 80ಪಿ ಕೇಳಬಹುದೆಂದು ಹೇಳಿದೆ. ಅದು ಹಳೆಯ ನಿಯಮದ ಕಾಲದ್ದು. ಆದರೆ ಅಲ್ಲಿಯೂ ರಿಟರ್ನಿನಲ್ಲಿ ಕೇಳಿರಬೇಕು. ರಿಟರ್ನೇ ತುಂಬದವನಿಗೆ ಯಾವ ಕೋರ್ಟೂ ಸಹಾಯ ಮಾಡಲಾರದು.

ಐದನೆಯದು, ತೆರಿಗೆಯ ಬೇಡಿಕೆ ಬಂದೇ ಬಿಟ್ಟಿದ್ದರೆ 30 ದಿವಸದೊಳಗೆ ಮೇಲ್ಮನವಿ ಹಾಕಿರಿ. ಮೇಲ್ಮನವಿ ತೀರುವವರೆಗೆ ವಸೂಲಿ ನಿಲ್ಲಿಸಲು ಸಾಮಾನ್ಯವಾಗಿ ಬೇಡಿಕೆಯ ಶೇ. 20 ಕಟ್ಟಬೇಕೆಂದು 2017ರ ಜುಲೈ 31ರ ಮಂಡಳಿಯ ಆದೇಶ ಐತಿ. ಸುಮ್ಮನೆ ಕುಳಿತರೆ ಇಲಾಖೆ ನೇರವಾಗಿ ಬ್ಯಾಂಕಿಗೆ ಪತ್ರ ಬರೆದು ಸಂಘದ ಖಾತೆಯಿಂದ ಹಣ ತೆಗೆಯಬಹುದು. ಬಿತ್ತಿಗೆ ಹೊತ್ತಿನಲ್ಲಿ ಖಾತೆಗೆ ತಡೆ ಬಿದ್ದರೆ ಗೊಬ್ಬರದ ಲಾರಿ ಬರುವುದಿಲ್ಲ, ಸಾಲದ ಹಂಚಿಕೆ ನಿಲ್ಲುತ್ತದೆ. ಹೆಸರು ಬೇಡ, ಒಂದು ಸಂಘದಲ್ಲಿ ಈ ಸ್ಥಿತಿಯನ್ನು ಕಣ್ಣಾರೆ ಕಂಡಿದ್ದೇನೆ. ಮಗಳ ಮದುವೆಗೆಂದು ಇಟ್ಟ ಠೇವಣಿ ಕೇಳಲು ಬಂದ ತಾಯಿಗೆ ಕಾರ್ಯದರ್ಶಿ ಮೂರು ಸಲ "ಮುಂದಿನ ವಾರ ಬರ್ರಿ" ಎಂದು ಹೇಳಿ ಕಳಿಸಬೇಕಾಯಿತು. ಹಣ ಕೊನೆಗೆ ಸಿಕ್ಕಿತು. ಆದರೆ ಆ ಊರಲ್ಲಿ ಸಂಘದ ಮೇಲಿನ ನಂಬಿಕೆ ಮತ್ತೆ ಕೂಡಿಬರಲು ಬಹಳ ದಿನ ಬೇಕಾಯಿತು.

ಆರನೆಯದು, "ಎಲ್ಲಾ ಮ್ಯಾನೇಜ್ ಮಾಡತೀನ್ರಿ" ಎನ್ನುವವರಿಂದ ದೂರ ಇರಿ. ತೆರಿಗೆಯ ಹಣ ಚಲನ್ ಮೂಲಕವೇ ಸರ್ಕಾರಕ್ಕೆ ಹೋಗಬೇಕು. ಪಾವತಿ ಇಲ್ಲದ ರೂಪಾಯಿ ಯಾರ ಕೈಗೂ ಹೋಗಬಾರದು.

ಇನ್ನೊಂದು ಮಾತು. 2022ರಿಂದ ಅಪ್‌ಡೇಟೆಡ್ ರಿಟರ್ನಿನ ಹೊಸ ದಾರಿ ಬಂದಿದೆ, 2025ರಲ್ಲಿ ಅದರ ಅವಧಿಯನ್ನು 48 ತಿಂಗಳಿಗೆ ಏರಿಸಿದ್ದಾರೆ ಎಂದು ಕೆಲವರು ಹೇಳುತ್ತಾರೆ. ಖರೆ ಐತಿ. ಆದರೆ ಅದರಲ್ಲಿ ತೆರಿಗೆಯ ಮೇಲೆ ಶೇ. 25ರಿಂದ ಶೇ. 70ರವರೆಗೆ ಹೆಚ್ಚಿನ ತೆರಿಗೆ ಕಟ್ಟಬೇಕು, ಗಡುವು ಮೀರಿದ್ದರಿಂದ 80ಪಿಯೂ ಸಿಗುವುದಿಲ್ಲ. ಸಂಘಗಳಿಗೆ ಅದು ಮೊದಲ ದಾರಿಯಲ್ಲ, ತಡದ ಮಾಫಿಯೇ ಮೊದಲ ದಾರಿ.

ಕೋರ್ಟುಗಳು ಹೇಳಿದ್ದು

ಬ್ಯಾಂಕೋ ಸಂಘವೋ ಎಂಬ ತಕರಾರು ಹೇಳಿದೆನಲ್ಲ. ಕೇರಳದ ಮಾವಿಲಾಯಿ ಸರ್ವೀಸ್ ಕೋ-ಆಪರೇಟಿವ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಜನವರಿ 12ರಂದು ತೀರ್ಪು ಕೊಟ್ಟಿತು. ಹೆಸರಿನಲ್ಲಿ ಬ್ಯಾಂಕ್ ಇದ್ದ ಮಾತ್ರಕ್ಕೆ ಬ್ಯಾಂಕ್ ಆಗುವುದಿಲ್ಲ, ರಿಸರ್ವ್ ಬ್ಯಾಂಕಿನ ಪರವಾನಿಗೆ ಇದ್ದದ್ದೇ ಸಹಕಾರಿ ಬ್ಯಾಂಕು. ರಾಜ್ಯದ ಕಾಯಿದೆ ಸದಸ್ಯರೆಂದು ಒಪ್ಪಿದ ನಾಮಮಾತ್ರ ಸದಸ್ಯರಿಗೆ ಕೊಟ್ಟ ಸಾಲವೂ ಸದಸ್ಯರ ಸಾಲವೇ. ಆದರೆ ಸದಸ್ಯರಲ್ಲದವರಿಂದ ಬಂದ ಲಾಭಕ್ಕೆ ವಿನಾಯಿತಿ ಇಲ್ಲ ಎಂದೂ ಅದೇ ತೀರ್ಪು ಹೇಳಿದೆ. ಅದಕ್ಕಿಂತ ಮೊದಲು, 2017ರಲ್ಲಿ ಹೈದರಾಬಾದಿನ ಸಿಟಿಜನ್ ಕೋ-ಆಪರೇಟಿವ್ ಸೊಸೈಟಿಗೆ ಸುಪ್ರೀಂ ಕೋರ್ಟು ವಿನಾಯಿತಿ ನಿರಾಕರಿಸಿತ್ತು. ಅದರ ವ್ಯವಹಾರ ಸದಸ್ಯರನ್ನು ಬಿಟ್ಟು ಸಾರ್ವಜನಿಕರ ಜೊತೆ ನಡೆದಿತ್ತು ಎಂಬುದೇ ಕಾರಣ.

ಇದರಿಂದ ನಾವು ಕಲಿಯುವುದು ಸರಳ. ಸದಸ್ಯತ್ವದ ರಜಿಸ್ಟರು ಸರಿ ಇರಲಿ. ಸಾಲ ಕೊಟ್ಟ ದಿನ ಆತ ಸದಸ್ಯನಾಗಿದ್ದ ಎಂಬುದಕ್ಕೆ ಅರ್ಜಿ, ಶೇರಿನ ಪಾವತಿ, ಠರಾವು ಇರಲಿ. ಸದಸ್ಯರಲ್ಲದವರಿಗೆ ಗೊಬ್ಬರ ಮಾರಿದ್ದರೆ ಅದರ ಲೆಕ್ಕ ಬೇರೆ ಇರಲಿ. ಲೆಕ್ಕ ಬೆರೆತರೆ ಒಳ್ಳೆಯ ಕಾಳು ಹೊಟ್ಟಿನ ಜೊತೆ ತೂರಿ ಹೋಗುತ್ತದೆ.

ಹೊಸ ಕಾಯಿದೆಯ ಮಾತು

2025ರ ಹೊಸ ಆದಾಯ ತೆರಿಗೆ ಕಾಯಿದೆ ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ ಕಲಮುಗಳ ನಂಬರು ಬದಲು, ಹಿಂದಿನ ವರ್ಷ ಮತ್ತು ತೆರಿಗೆ ನಿರ್ಧಾರಣಾ ವರ್ಷ ಎಂಬ ಎರಡು ಹೆಸರಿನ ಬದಲು ತೆರಿಗೆ ವರ್ಷ ಎಂಬ ಒಂದೇ ಹೆಸರು. ನಾನು ಇಂದು ಹೇಳಿದ ನಂಬರುಗಳೆಲ್ಲ 1961ರ ಕಾಯಿದೆಯವು. ಹಳೆಯ ವರ್ಷಗಳ ಲೆಕ್ಕ ಹಳೆಯ ಕಾಯಿದೆಗೇ ಸೇರಿದ್ದು. "ಹೊಸ ಕಾಯಿದೆ ಬಂತು, ಹಳೇ ನೋಟೀಸು ಹೋತು" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸದಸ್ಯರ ಪಾಲಿನ ಕೆಲಸ

ಇದೆಲ್ಲ ಕಾರ್ಯದರ್ಶಿಯ ಕೆಲಸ ಎಂದು ನಾವು ಎದ್ದು ಹೋಗಬಾರದು. ವಾರ್ಷಿಕ ಸರ್ವಸಾಧಾರಣ ಸಭೆಗೆ ಬಂದಾಗ ಊಟಕ್ಕೆ ಮೊದಲು ಮೂರು ಪ್ರಶ್ನೆ ಕೇಳಿರಿ. ಈ ವರ್ಷದ ಆಡಿಟ್ ಯಾವ ತಾರೀಖಿಗೆ ಮುಗಿಯಿತು? ಹಿಂದಿನ ವರ್ಷದ ರಿಟರ್ನ್ ಯಾವ ತಾರೀಖಿಗೆ ತುಂಬಿದಿರಿ, ಅದರ ಪಾವತಿ ತೋರಿಸಿರಿ. ಇಲಾಖೆಯ ಯಾವುದಾದರೂ ನೋಟೀಸು ಉತ್ತರ ಕೊಡದೆ ಉಳಿದಿದೆಯೇ? ಈ ಮೂರು ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ. ಡಿವಿಡೆಂಡ್ ಎಷ್ಟು ಎಂದು ಕೇಳುವ ನಾವು ಆ ಡಿವಿಡೆಂಡ್ ಎಲ್ಲಿ ಸೋರುತ್ತದೆ ಎಂದೂ ಕೇಳಬೇಕು.

ಕಾರ್ಯದರ್ಶಿಗಳ ಪರವಾಗಿಯೂ ಒಂದು ಮಾತು. ಒಬ್ಬನೇ ಮನುಷ್ಯ ಸಾಲ ವಸೂಲಿ ಮಾಡಬೇಕು, ಗೊಬ್ಬರ ಹಂಚಬೇಕು, ರೇಷನ್ ತೂಗಬೇಕು, ಈಗ ಗಣಕಯಂತ್ರದಲ್ಲಿ ಲೆಕ್ಕ ತುಂಬಬೇಕು. ಅವನಿಗೆ ತೆರಿಗೆ ಸಲಹೆಗಾರರ ಫೀ ಕೊಡಲು ಅಂದಾಜು ಪತ್ರಿಕೆಯಲ್ಲಿ ಹಣ ಇಡಿರಿ. ಆ ಹಣ ಉಳಿಸಲು ಹೋಗಿ ಲಕ್ಷ ಕಳೆಯುವುದು ಜಾಣತನವಲ್ಲ.

ಸಭಿಕರ ಪ್ರಶ್ನೆಗಳು

ಪ್ರಶ್ನೆ: ಸಂಘದ ಹಣ ಡಿಸಿಸಿ ಬ್ಯಾಂಕಿನ್ಯಾಗ ಇಟ್ಟೇವ್ರಿ. ಅದರ ಬಡ್ಡಿಗೆ ತೆರಿಗೆ ಐತೇನ್ರಿ?

ಉತ್ತರ: ಇದು ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಶ್ನೆ. ಶಿರಸಿಯ ತೋಟಗಾರರ ಮಾರಾಟ ಸಂಘ ಸದಸ್ಯರ ಅಡಿಕೆ ಮಾರಿದ ಹಣ ಸದಸ್ಯರಿಗೆ ಕೊಡುವ ಮೊದಲು ಬ್ಯಾಂಕಿನಲ್ಲಿ ಇಟ್ಟಿತ್ತು. ಆ ಬಡ್ಡಿ ಸಾಲದ ವ್ಯವಹಾರದ ಲಾಭವಲ್ಲ, ಇತರ ಮೂಲದ ಆದಾಯ ಎಂದು 2010ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮುಂದೆ ತುಮಕೂರು ಮರ್ಚಂಟ್ಸ್ ಸೌಹಾರ್ದದ ಪ್ರಕರಣದಲ್ಲಿ 2014ರಲ್ಲಿ ನಮ್ಮ ಹೈಕೋರ್ಟು, ಸದಸ್ಯರಿಗೆ ಕೊಡಬೇಕಾದ ಬಾಕಿಯಲ್ಲದ, ಸಾಲಕ್ಕೆ ಬೇಡಿಕೆ ಇಲ್ಲದಾಗ ಇಟ್ಟ ಸಂಘದ ಸ್ವಂತ ಹಣದ ಬಡ್ಡಿಗೆ ವಿನಾಯಿತಿ ಐತಿ ಎಂದಿತು. ಸಹಕಾರಿ ಬ್ಯಾಂಕಿನ ಬಡ್ಡಿಗೆ ಬೇರೆ ಉಪಕಲಮಿನಲ್ಲಿ ವಿನಾಯಿತಿ ಕೇಳಬಹುದೇ ಎಂಬುದರ ಬಗ್ಗೆ 2017ರಲ್ಲಿ ಅದೇ ಹೈಕೋರ್ಟಿನಿಂದ ಒಂದೇ ವರ್ಷದಲ್ಲಿ ಎರಡು ಬಗೆಯ ತೀರ್ಪು ಬಂದವು. ಆದ್ದರಿಂದ ಈ ಬಡ್ಡಿಯನ್ನು ಲೆಕ್ಕದಲ್ಲಿ ಬೇರೆ ತೋರಿಸಿರಿ, ಆ ಹಣ ಎಲ್ಲಿಂದ ಬಂತೆಂದು ಬರೆದಿಡಿರಿ, ವಿನಾಯಿತಿಯನ್ನು ರಿಟರ್ನಿನಲ್ಲಿ ಕೇಳಿರಿ.

ಪ್ರಶ್ನೆ (ಒಬ್ಬ ತಾಯಿ): ಸಂಘಕ್ಕ ದಂಡ ಬಿದ್ದರ ನನ್ನ ಠೇವಣಿ ಹೋಗತೈತೇನೋ ಯಪ್ಪಾ?

ಉತ್ತರ: ಇಲ್ಲವ್ವಾ. ಠೇವಣಿ ನಿನಗೆ ಸಂಘ ಕೊಡಬೇಕಾದ ಸಾಲ, ಅದು ನಿನ್ನದೇ. ತೆರಿಗೆ ಸಂಘದ ಲಾಭದ ಮೇಲೆ ಬೀಳುತ್ತದೆ. ಆದರೆ ಖಾತೆಗೆ ತಡೆ ಬಿದ್ದರೆ ನಿನ್ನ ಹಣ ಕೈಗೆ ಬರಲು ತಡವಾಗಬಹುದು. ಅದಕ್ಕೇ ನೀನೂ ಸಭೆಗೆ ಬಂದು ಆ ಮೂರು ಪ್ರಶ್ನೆ ಕೇಳಬೇಕು.

ಪ್ರಶ್ನೆ: ದ್ರಾಕ್ಷಿ ಮಾರಿದ ರೊಕ್ಕ ಠೇವಣಿ ಇಟ್ಟೀನ್ರಿ. ಅದರ ಬಡ್ಡಿನೂ ಒಕ್ಕಲುತನದ್ದ ಅಲ್ಲೇನ್ರಿ?

ಉತ್ತರ: ದ್ರಾಕ್ಷಿ ಮಾರಿದ ಹಣ ಒಕ್ಕಲುತನದ್ದು. ಅದನ್ನು ಠೇವಣಿ ಇಟ್ಟ ಮೇಲೆ ಬರುವ ಬಡ್ಡಿ ಒಕ್ಕಲುತನದ್ದಲ್ಲ. ನಿಮ್ಮ ಬೇರೆ ಆದಾಯ ಕಡಿಮೆ ಇದ್ದರೆ ತೆರಿಗೆ ಬರಲಿಕ್ಕಿಲ್ಲ. ಆದರೂ ಹೊಲದ ಉತಾರ, ಮಾಲು ಮಾರಿದ ಪಟ್ಟಿ ಜತನ ಇಡಿರಿ. ಹಣ ಎಲ್ಲಿಂದ ಬಂತೆಂದು ಕೇಳಿದಾಗ ಅವೇ ಉತ್ತರ.

ಪ್ರಶ್ನೆ: ಆಡಿಟರು ತಡಾ ಮಾಡಿದರ ದಂಡ ನಾವ್ಯಾಕ ಕಟ್ಟಬೇಕ್ರಿ?

ಉತ್ತರ: ನ್ಯಾಯವಾದ ಪ್ರಶ್ನೆ. ಅದಕ್ಕಾಗಿಯೇ ಮಂಡಳಿ ಆ ಎರಡು ಸುತ್ತೋಲೆ ಹೊರಡಿಸಿದ್ದು. ಆದರೆ ಕಿರ್ದಿ ಬರೆದು ಮುಗಿಸದೆ ಆಡಿಟರನ್ನು ಕರೆದರೆ ತಡ ಯಾರದು? ಮಾರ್ಚ್ 31ರ ಅಢಾವೆ ಪತ್ರಿಕೆ ಮೇ ತಿಂಗಳೊಳಗೆ ಸಿದ್ಧ ಮಾಡಿ, ಪತ್ರ ಬರೆದು ಒಪ್ಪಿಸಿರಿ. ಆಮೇಲಿನ ತಡಕ್ಕೆ ಆಡಿಟರು ಉತ್ತರ ಕೊಡಲಿ.

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ಹಿರಿಯರು ಹೇಳಿದ್ದಾರೆ. ನೂರು ಇನ್ನೂರರ ಶೇರು ಕೂಡಿಸಿ ನೀವು ಈ ಸಂಘ ಕಟ್ಟಿದ್ದೀರಿ. ಮುಂದಿನ ಅಕ್ಟೋಬರ್ 31ಕ್ಕೆ ಮೊದಲು ನಿಮ್ಮ ಸಂಘದ ರಿಟರ್ನಿನ ಪಾವತಿ ನೋಟೀಸ್ ಬೋರ್ಡಿನ ಮೇಲೆ ಹಚ್ಚಿರಲಿ, ಓದು ಬರುವವರು ಓದಿ ಬರದವರಿಗೆ ಹೇಳಲಿ.